ಪ್ರಳಯ ಬರಲಿಲ್ಲ, ಫೋನ್ ಬಂತು

2022ರ ಅಕ್ಟೋಬರ್ 25ರಂದು, ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬಂತು. ಕರ್ನಾಟಕದಲ್ಲಿ ಅದು ಕಾಣಿಸಿದ್ದು ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ. ಅದೇ ಹೊತ್ತಿಗೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಓದುತ್ತಿದ್ದ ಕನ್ನಡದ ಮಕ್ಕಳಿಗೆ ಊರಿಂದ ಫೋನುಗಳು ಶುರುವಾದವು. "ಗ್ರಹಣ ಬಿಡೋವರೆಗೂ ಆಚೆ ಹೋಗ್ಬೇಡ, ಏನೂ ತಿನ್ಬೇಡ, ಆಮೇಲೆ ತಲೆಗೆ ಸ್ನಾನ ಮಾಡು." "ಅಮ್ಮಾ, ಇಲ್ಲಿ ಗ್ರಹಣಾನೇ ಇಲ್ಲ, ರಾತ್ರಿ ಹತ್ತೂವರೆ ಆಗಿದೆ, ಸೂರ್ಯಾನೇ ಇಲ್ಲ" ಅಂದರೆ ಆ ಕಡೆಯಿಂದ ಒಂದೇ ಉತ್ತರ: "ಇಲ್ದಿದ್ರೆ ಏನಾಯ್ತು, ನಿನ್ನ ನಕ್ಷತ್ರಕ್ಕೆ ಇದೆ."

ಇಂಥ ಮಾತಿಗೆ ಶೇರ್ ಹೌಸಿನಲ್ಲಿ ಕೂತು ನಗುವುದು ಸುಲಭ. ನಾವೂ ನಗುತ್ತೇವೆ. ಆದರೆ ನಕ್ಕಾದ ಮೇಲೆ ಈ ಭಯವನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ವಾದ ಮಾಡಬೇಕಾ, ಹೂಂ ಅಂದು ಸುಮ್ಮನಾಗಬೇಕಾ? ಎರಡಕ್ಕೂ ಜಾಗ ಇದೆ, ಎಲ್ಲಿ ಯಾವುದು ಎಂಬುದನ್ನು ತೂಗಿ ನೋಡುವುದು ನಮ್ಮ ಕೆಲಸ ಅನ್ನುವುದು ಈ ಲೇಖನದ ವಾದ.

ಲೋಕ ಮುಳುಗುತ್ತದೆ ಎಂಬ ಸುದ್ದಿ ನಮ್ಮ ಮನೆಗಳಿಗೆ ಹೊಸದಲ್ಲ. 1962ರ ಫೆಬ್ರವರಿ ಮೊದಲ ವಾರದಲ್ಲಿ ಅಷ್ಟಗ್ರಹ ಕೂಟ ಬಂತು. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರುತ್ತವೆ, ಪ್ರಳಯ ಖಂಡಿತ ಎಂದು ದೇಶದ ಉದ್ದಗಲಕ್ಕೂ ಹೋಮ ಹವನ ನಡೆದವು. ನಮ್ಮ ಅಜ್ಜ ಅಜ್ಜಿಯರ ಕಾಲ ಅದು. ಏನೂ ಆಗಲಿಲ್ಲ. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶದಿಂದ ಬೀಳುತ್ತೆ ಅಂದಾಗ, ಹೇಗೂ ಸಾಯ್ತೀವಲ್ಲ ಅಂತ ಸಾಕಿದ ಕೋಳಿಯನ್ನೆಲ್ಲ ಕೊಯ್ದು ತಿಂದವರ ಕಥೆ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ತಮಾಷೆ ಏನೆಂದರೆ ಅದರ ಚೂರುಗಳು ಬಿದ್ದದ್ದು ನಾವೀಗ ಇರುವ ದೇಶದಲ್ಲೇ, ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತ. ಅಲ್ಲಿನ ಸ್ಥಳೀಯ ಆಡಳಿತ ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿತು. ಭಯ ಪಟ್ಟವರು ಒಂದು ಕಡೆ, ಚೂರು ಆರಿಸಿಕೊಂಡವರು ಇನ್ನೊಂದು ಕಡೆ.

ಆಮೇಲೆ 'ನಾಳೆ ಬಾ'. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಊರುಗಳಲ್ಲಿ ಹಬ್ಬಿದ ಸುದ್ದಿ ಇದು. ಒಂದು ಹೆಣ್ಣು ದೆವ್ವ ರಾತ್ರಿ ಬಂದು ಬಾಗಿಲು ತಟ್ಟಿ, ಮನೆಯವರ ದನಿಯಲ್ಲೇ ಕರೆಯುತ್ತಂತೆ. ತೆರೆದವರ ಕಥೆ ಮುಗಿಯಿತು. ಅದಕ್ಕೆ ಅಪ್ಪ ಅಮ್ಮಂದಿರು ಕಂಡುಕೊಂಡ ಉಪಾಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದುತ್ತೆ, ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. 2018ರ ಹಿಂದಿ ಸಿನಿಮಾ 'ಸ್ತ್ರೀ'ಯಲ್ಲಿ ಇದೇ ನಂಬಿಕೆ ಮಧ್ಯಪ್ರದೇಶದ ಚಂದೇರಿಗೆ ಹೋಯಿತು. ನಮ್ಮಲ್ಲಿ ಅನೇಕರ ಅಪ್ಪ ಅಮ್ಮ ಸ್ಕೈಲ್ಯಾಬ್ ಕಾಲಕ್ಕೆ ಪುಟ್ಟ ಮಕ್ಕಳು, ನಾಳೆ ಬಾ ಕಾಲಕ್ಕೆ ಕಾಲೇಜು ಹುಡುಗರು. ಅಂದರೆ ಇವತ್ತು ನಮ್ಮನ್ನು ಕಾಯಲು ಫೋನ್ ಮಾಡುವವರು, ಅವತ್ತು ಹೀಗೇ ಯಾರಿಂದಲೋ ಕಾಯಿಸಿಕೊಂಡವರು. ಕಾಯುವುದನ್ನು ಅವರು ಕಲಿತದ್ದೇ ಹಾಗೆ.

ಸೀಮೆಸುಣ್ಣದ ವಿಷಯದಲ್ಲಿ ಗಮನಿಸಬೇಕಾದ್ದು ಅದರ ಬೆಲೆ. ಒಂದು ತುಂಡು ಸುಣ್ಣ, ಎರಡು ಪದ. ಮಗುವಿಗೆ ನೋವಿಲ್ಲ, ಮನೆಗೆ ಸಾಲ ಇಲ್ಲ, ರಾತ್ರಿ ಎಲ್ಲರಿಗೂ ನಿದ್ದೆ ಬರುತ್ತೆ.

ಎಲ್ಲ ಕಾವಲೂ ಇಷ್ಟು ಅಗ್ಗ ಅಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೂ ಮಣ್ಣಲ್ಲಿ ಹೂತರು. ಗ್ರಹಣ ಕಾಲದಲ್ಲಿ ಹೀಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತೆ ಅನ್ನುವ ನಂಬಿಕೆ. ಹೂತವರು ಹೆತ್ತವರೇ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಪ್ರೀತಿ ಇದ್ದದ್ದಕ್ಕೇ ಗುಂಡಿ ತೋಡಿದರು. ಆದರೆ ಮಣ್ಣಿನ ಭಾರ ಹೊತ್ತವರು, ಅತ್ತವರು ಮಕ್ಕಳು.

ನಮ್ಮ ಅಳತೆಗೋಲು ಇಲ್ಲಿ ಸಿಗುತ್ತದೆ. ಒಂದು ನಂಬಿಕೆ ನಿಜವೋ ಸುಳ್ಳೋ ಎಂಬ ವಾದವನ್ನು ಅಮ್ಮನ ಜೊತೆ ಫೋನಿನಲ್ಲಿ ಗೆಲ್ಲುವುದು ಕಷ್ಟ. ಅದರ ಬದಲು ಕೇಳಬೇಕಾದ್ದು: ಈ ರಕ್ಷಣೆಯ ಬೆಲೆ ಯಾರು ಕೊಡ್ತಾರೆ? ಕಾಯುವವರೇ ಕೊಟ್ಟರೆ, ಅದೂ ಒಂದು ದೀಪ, ಒಂದು ಹರಕೆ, ಒಂದು ಹೊತ್ತಿನ ಉಪವಾಸ ಅಷ್ಟೇ ಆದರೆ, ನಾವು ಯಾಕೆ ಜಗಳ ಆಡಬೇಕು? ಕಾಯಿಸಿಕೊಳ್ಳುವವರ ಮೈ, ಔಷಧಿ, ಓದು ಅದಕ್ಕೆ ಬೆಲೆಯಾದರೆ ಅಲ್ಲಿ ಸುಮ್ಮನಿರುವುದು ಮರ್ಯಾದೆ ಅನ್ನಿಸಿಕೊಳ್ಳುವುದಿಲ್ಲ. ಗ್ರಹಣ ಅಂತ ಬಸುರಿ ಅಕ್ಕನನ್ನು ಗಂಟೆಗಟ್ಟಲೆ ನೀರೂ ಕೊಡದೆ ಕೂರಿಸಿದರೆ, "ದೋಷ ಇದೆ" ಅಂತ ಇಲ್ಲಿನ ಇಂಡಿಯನ್ ಅಂಗಡಿಯ ಗೋಡೆಯ ಜಾಹೀರಾತು ನೋಡಿ ಸೆಮಿಸ್ಟರ್ ಫೀಸಿನ ದುಡ್ಡು ಯಾರೋ ಜ್ಯೋತಿಷಿಗೆ ಹೋದರೆ, ಬೇಡ ಎಂದು ನೇರವಾಗಿ ಹೇಳಬೇಕು. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಮಾನವೀಯ ಆಚರಣೆಗಳ ವಿರುದ್ಧ ಕಾಯ್ದೆ ಮಾಡಿದೆ. ಮನೆಯೊಳಗೆ ಮಾತ್ರ ಕಾಯ್ದೆಗಿಂತ ಮೊದಲು ಮಕ್ಕಳ ಮಾತು ತಲುಪಬೇಕು.

ಇನ್ನು, ದೆವ್ವ ಗ್ರಹಗಳ ಹಂಗಿಲ್ಲದೆ ನಿಜವಾಗಿಯೂ ಲೋಕ ಮುಗಿದ ಹಾಗೆ ಕಂಡ ದಿನಗಳ ಮಾತು. ತಾಜಸುಲ್ತಾನಪುರದ ಆ ಗ್ರಹಣವಾಗಿ ಐದೇ ದಿನಕ್ಕೆ, ಡಿಸೆಂಬರ್ 31ರ ಬೆಳಿಗ್ಗೆ, ವಿಕ್ಟೋರಿಯಾದ ಮಲ್ಲಕೂಟದಲ್ಲಿ ಹಗಲೇ ಕತ್ತಲಾಯಿತು, ಆಮೇಲೆ ಆಕಾಶ ರಕ್ತದ ಬಣ್ಣಕ್ಕೆ ತಿರುಗಿತು. ಕಾಡ್ಗಿಚ್ಚಿಗೆ ಹೆದರಿ ಸಾವಿರಾರು ಜನ ಮಕ್ಕಳನ್ನು ಕರೆದುಕೊಂಡು ನೀರಿನ ಅಂಚಿಗೆ ಬಂದು ನಿಂತಿದ್ದರು. ಕೊನೆಗೆ ನೌಕಾಪಡೆಯ ಹಡಗು ಬಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕರೆದೊಯ್ದಿತು. ಆ ತಿಂಗಳು ಸಿಡ್ನಿಯಲ್ಲೂ ಹೊಗೆ ಕವಿದು ಸೂರ್ಯ ಕೆಂಪು ಬಿಲ್ಲೆಯ ಹಾಗೆ ಕಾಣುತ್ತಿದ್ದ. ಪುರಾಣದ ಪ್ರಳಯದ ವರ್ಣನೆಗೆ ಇದಕ್ಕಿಂತ ಹತ್ತಿರದ್ದು ಬೇಕಿಲ್ಲ. ಅಲ್ಲಿ ಮಕ್ಕಳನ್ನು ಉಳಿಸಿದ್ದು ಎಚ್ಚರಿಕೆ ಸಂದೇಶ, ಅಗ್ನಿಶಾಮಕದವರ ಮಾತು, ಪಕ್ಕದವರ ದೋಣಿ.

ಅದರ ಹಿಂದೆಯೇ ಕೋವಿಡ್. 2020ರ ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಗಡಿ ಮುಚ್ಚಿತು. ಏಪ್ರಿಲ್ ಮೊದಲ ವಾರದಲ್ಲಿ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್, ಖರ್ಚು ನಿಭಾಯಿಸಲಾಗದ ವಿದೇಶಿ ವಿದ್ಯಾರ್ಥಿಗಳು ಊರಿಗೆ ಹೋಗುವುದೇ ಸರಿ ಎಂಬರ್ಥದ ಮಾತಾಡಿದರು. ಹೋಗೋಣ ಎಂದರೆ ಭಾರತಕ್ಕೆ ವಿಮಾನವೇ ಇಲ್ಲ. ಕೆಲಸ ಹೋದವರಿಗೆ ಸರ್ಕಾರದ ಜಾಬ್‌ಕೀಪರ್ ಹಣವೂ ಇಲ್ಲ. ಮೆಲ್ಬರ್ನ್ ಆರು ಲಾಕ್‌ಡೌನ್‌ಗಳಲ್ಲಿ ಒಟ್ಟು 262 ದಿನ ಕಳೆಯಿತು. ಊರಿಂದ ಅಪ್ಪ ಅಮ್ಮ ಕಷಾಯದ ವಿಧಾನ ಕಳಿಸಿದರು, ಮಂಜುನಾಥನಿಗೆ ಹರಕೆ ಹೊತ್ತರು. ಹಸಿದವರಿಗೆ ಊಟ ಮುಟ್ಟಿಸಿದ್ದು ಮಾತ್ರ 'ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾ'ದಂಥವರ ವ್ಯಾನುಗಳು. ಕಷಾಯ ವೈರಸ್ಸನ್ನು ತಡೆಯಲಿಲ್ಲ, ನಿಜ. ಆದರೆ ಕಷಾಯ ಕುಡಿದ್ಯಾ ಅಂತ ಕೇಳಲು ದಿನಾ ಬರುತ್ತಿದ್ದ ಫೋನು, ಒಂದು ರೂಮಿನಲ್ಲಿ ಒಬ್ಬರೇ ಕೂತವರನ್ನು ಹಿಡಿದು ನಿಲ್ಲಿಸಿತು. ಇದನ್ನು ನಮ್ಮ ಸೀನಿಯರ್‌ಗಳು ಯಾರನ್ನು ಕೇಳಿದರೂ ಹೇಳುತ್ತಾರೆ.

2021ರ ಮೇ ತಿಂಗಳಲ್ಲಿ ಪಾತ್ರ ಅದಲುಬದಲಾಯಿತು. ಎರಡನೇ ಅಲೆಯಲ್ಲಿ ಸಿಕ್ಕಿಕೊಂಡವರು ಊರಿನ ಹೆತ್ತವರು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ಸತ್ತ ಸುದ್ದಿ ಬಂದದ್ದು ಮೇ 3ಕ್ಕೆ. ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಬಂದರೆ ದಂಡ, ಐದು ವರ್ಷದವರೆಗೆ ಜೈಲು ಎಂಬ ಆದೇಶ ಜಾರಿಯಾದದ್ದೂ ಅದೇ ದಿನ. ಹೋದರೆ ತಿರುಗಿ ಬರಲಾಗದು, ಹೋಗದಿದ್ದರೆ ನೋಡಲಾಗದು. ಇಲ್ಲಿಂದ ಮಕ್ಕಳು ರಾತ್ರಿಯಿಡೀ ಬೆಡ್ಡಿಗೂ ಸಿಲಿಂಡರಿಗೂ ವಾಟ್ಸಾಪಿನಲ್ಲಿ ಹುಡುಕಿದರು. ಎಷ್ಟೋ ವಿಚಾರವಂತ ಮಕ್ಕಳೂ ಆ ದಿನಗಳಲ್ಲಿ ದೇವರ ಪಟದ ಮುಂದೆ ನಿಂತರು. ಕೈಯಲ್ಲಿ ಏನೂ ಮಾಡಲಾಗದ ದೂರದಲ್ಲಿ ಇದ್ದಾಗ ಭಯಕ್ಕೆ ಏನಾದರೂ ಕೆಲಸ ಬೇಕು. ಅಮ್ಮನ ದರ್ಬೆ, ಅಪ್ಪನ ಹರಕೆ ಎಲ್ಲವೂ ಆ ಕೆಲಸವೇ.

ಹೀಗೆಲ್ಲ ಹೇಳಿದರೆ ಮೂಢನಂಬಿಕೆಗೆ ನೀರೆರೆದ ಹಾಗಲ್ಲವಾ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಸುಮ್ಮನಿದ್ದರೆ ಸೀಮೆಸುಣ್ಣದಿಂದ ಗುಂಡಿಯವರೆಗೆ ದಾರಿ ಉದ್ದ ಏನಿಲ್ಲ. ಆದ್ದರಿಂದ ನಮ್ಮ ಸಲಹೆ, ಭಯಕ್ಕೆ ಬೇರೆ ಕೆಲಸ ಕೊಡೋಣ. ನಮ್ಮ ಮನೆ ವಿಳಾಸ, ಇಬ್ಬರು ಗೆಳೆಯರ ನಂಬರು, ವಿಶ್ವವಿದ್ಯಾಲಯದ ಸೆಕ್ಯುರಿಟಿ ನಂಬರು, ಹೆಲ್ತ್ ಕವರ್ ಕಂಪನಿಯ ಹೆಸರು ಅಪ್ಪ ಅಮ್ಮನ ಹತ್ತಿರ ಬರೆದಿಟ್ಟಿರಲಿ. ಇಲ್ಲಿ ತುರ್ತಿಗೆ ಕರೆಯುವುದು 000, ಮನಸ್ಸು ಕುಸಿದಾಗ ಮಾತಾಡಲು ಲೈಫ್‌ಲೈನ್ 13 11 14 ಎಂದು ಅವರಿಗೂ ಗೊತ್ತಿರಲಿ. ಬೇಸಿಗೆಯಲ್ಲಿ ಬೆಂಕಿಯ ಎಚ್ಚರಿಕೆ ತೋರಿಸುವ ವಿಕ್‌ಎಮರ್ಜೆನ್ಸಿ, ಹಜಾರ್ಡ್ಸ್ ನಿಯರ್ ಮಿ ಆ್ಯಪ್‌ಗಳನ್ನು ಅವರ ಫೋನಿಗೂ ಹಾಕಿಕೊಡೋಣ. ಪಂಚಾಂಗ ನೋಡಿ ಫೋನ್ ಮಾಡುವ ಅಮ್ಮ, ಆ್ಯಪ್ ನೋಡಿಯೂ ಮಾಡುತ್ತಾರೆ. "ಅಲ್ಲಿ ಹೊಗೆ ಅಂತೆ, ಮಾಸ್ಕ್ ಇದೆಯಾ?" ಅನ್ನುವ ಫೋನು ನಿಜಕ್ಕೂ ಉಪಯೋಗಕ್ಕೆ ಬರುವ ಫೋನು. ಇನ್ನು ಬಾಡಿಗೆ ಕಷ್ಟ, ಫೇಲಾದ ಸಬ್ಜೆಕ್ಟು ಇಂಥವನ್ನು ಸ್ವಲ್ಪವಾದರೂ ಹೇಳಿಕೊಂಡರೆ, ಅವರ ಕಾಳಜಿಗೆ ರಾಹು ಕೇತುಗಳಾಚೆ ಒಂದು ವಿಷಯ ಸಿಗುತ್ತದೆ.

ಕೊನೆಗೆ ಒಂದು ಕರೆ. 2028ರ ಜುಲೈ 22, ಶನಿವಾರ ಮಧ್ಯಾಹ್ನ, ಪೂರ್ಣ ಸೂರ್ಯಗ್ರಹಣದ ನೆರಳು ಸಿಡ್ನಿಯ ಮೇಲೇ ಹಾದು ಹೋಗಲಿದೆ. ಸುಮಾರು ನಾಲ್ಕು ನಿಮಿಷ ಹಗಲಲ್ಲಿ ಕತ್ತಲೆ. ಮೆಲ್ಬರ್ನ್‌ನಲ್ಲಿ ಪಾರ್ಶ್ವ ಗ್ರಹಣ ಮಾತ್ರ. ಗ್ರಾಜುಯೇಶನ್ನಿಗೆ ಅಪ್ಪ ಅಮ್ಮನನ್ನು ಕರೆಸುವ ಯೋಚನೆ ಇದ್ದವರು ಆ ದಿನಕ್ಕೆ ಹೊಂದಿಸಿಕೊಳ್ಳಬಹುದು. ಬರಿಗಣ್ಣಲ್ಲಿ ನೋಡಬಾರದು ಅನ್ನುವ ಅವರ ಮಾತು ಪಾರ್ಶ್ವ ಗ್ರಹಣದ ಮಟ್ಟಿಗೆ ನೂರಕ್ಕೆ ನೂರು ನಿಜ, ಆದ್ದರಿಂದ ಸರಿಯಾದ ಗ್ರಹಣದ ಕನ್ನಡಕ ಮೊದಲೇ ತಂದಿಟ್ಟಿರೋಣ. ಬೇಕಾದರೆ ಅವರು ಆಮೇಲೆ ಸ್ನಾನ ಮಾಡಲಿ, ಬಿಸಿನೀರು ನಾವು ಕಾಯಿಸಿಡೋಣ.