ಗ್ಯಾಸ್ ಅಂದ್ರೆ ಮುಗೀತಾ?

ಅಕ್ಕಂದಿರಾ, ತಂಗೀರಾ, ಈ ಸಲ ಸ್ವಲ್ಪ ಖಾರವಾಗೇ ಬರೀತೀನಿ. ನಮ್ಮ ಅನುಗೊಂಡನಹಳ್ಳಿ ಕಡೆ ಯಾವ ಹೆಂಗಸನ್ನ ಕೇಳಿದ್ರೂ ಒಂದೇ ಮಾತು, "ಗ್ಯಾಸ್ ಕಣಕ್ಕ." ಎದೆ ಉರಿದ್ರೂ ಗ್ಯಾಸು, ಹೊಟ್ಟೆ ಉಬ್ಬರಿಸಿದ್ರೂ ಗ್ಯಾಸು, ಮೂರು ದಿನ ಮಲ ಕಟ್ಟಿದ್ರೂ ಗ್ಯಾಸು, ಬೆನ್ನು ಹಿಡಿದ್ರೂ ಗ್ಯಾಸು. ಮಗನ್ನ ಮೆಡಿಕಲ್ ಸ್ಟೋರಿಗೆ ಓಡಿಸಿ ಒಂದು ಶೀಟು ಮಾತ್ರೆ ತರಿಸಿದ್ರೆ ಆಯ್ತು. ಇದನ್ನ ಚಿಕಿತ್ಸೆ ಅಂತ ಕರೆಯೋಕೆ ನಾನಂತೂ ಒಪ್ಪಲ್ಲ.

ನಮ್ಮ ದಿನ ಹೆಂಗೈತೆ ನೋಡಿ. ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಖಾಲಿ ಹೊಟ್ಟೇಲಿ ಎರಡು ಲೋಟ ಟೀ. ಮಕ್ಕಳ ಡಬ್ಬಿ, ಯಜಮಾನರ ತಿಂಡಿ, ಅತ್ತೆ ಮಾವಂದು ಎಲ್ಲ ಮುಗಿದು ನಾವು ತಟ್ಟೆ ಮುಂದೆ ಕೂರೋ ಹೊತ್ತಿಗೆ ಹನ್ನೊಂದು. ಮಧ್ಯಾಹ್ನದ್ದು ಮೂರಕ್ಕೆ. ರಾತ್ರಿ ಎಲ್ರೂ ಉಂಡೆದ್ದ ಮೇಲೆ ಉಳಿದಿದ್ದನ್ನ ಬಳ್ಕೊಂಡು ಹತ್ತೂವರೆಗೆ ಉಂಡು, ಹಂಗೇ ಹಾಸಿಗೆಗೆ. ಹುಳಿ ಮೇಲಕ್ಕೆ ಬರದೆ ಇನ್ನೇನಾಗುತ್ತೆ?

ಇಷ್ಟೆಲ್ಲ ಮಾಡಿ "ಮುದ್ದೆ ನಂಗೆ ಆಗಲ್ಲ" ಅಂತ ಪಾಪದ ಮುದ್ದೆ ಮೇಲೆ ತಪ್ಪು ಹೊರಿಸ್ತೀವಿ. 100 ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರು ಐತೆ, ಪಾಲಿಶ್ ಅಕ್ಕೀಲಿ 3 ಗ್ರಾಮೂ ಇಲ್ಲ. ಮಲಬದ್ಧತೆ ಇರೋರು ರಾಗಿ ಬಿಟ್ಟು ಬರೀ ಅನ್ನಕ್ಕೆ ಬಿದ್ರೆ ಕಷ್ಟ ಹೆಚ್ಚೇ ಆಗೋದು. ಒಣ ಅವರೆಕಾಳು, ಹುರುಳಿಕಾಳು ಉಬ್ಬರ ತರೋದು ನಿಜ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ. ಕಡಿಮೆ ಆಗುತ್ತೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೆಟ್ಟ ಔಷಧಿ ಅಂತ ನಾನು ಹೇಳ್ತಿಲ್ಲ. ಹುಣ್ಣು ಆದೋರಿಗೆ ಅವು ಬೇಕೇ ಬೇಕು. ಆದ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಡಾಕ್ಟ್ರು ಹೇಳಿದಷ್ಟು ದಿನ. ವರ್ಷಗಟ್ಟಲೆ ಸುಮ್ಮನೆ ನುಂಗ್ತಿದ್ರೆ ಮೈಯಲ್ಲಿ ಬಿ12 ಕಮ್ಮಿ ಆಗಬಹುದು, ಮೂಳೆ ಮುರಿಯೋ ಭಯವೂ ಹೆಚ್ಚಬಹುದು. ಐವತ್ತು ದಾಟಿದ ನಮಗೆ ಮೂಳೆ ಮೊದಲೇ ಸೊರಗಿರುತ್ತೆ. ಇನ್ನು ಮಂಡಿ ನೋವಿಗೆ ಡೈಕ್ಲೋಫೆನಾಕ್ ನುಂಗೋರು ಕೇಳಿ. ಹೊಟ್ಟೇಲಿ ಹುಣ್ಣು ಮಾಡೋದ್ರಲ್ಲಿ ಆ ಮಾತ್ರೆಯೂ ಒಂದು. ನೋವಿನ ಮಾತ್ರೆಗೆ ಉರಿ, ಉರಿಗೆ ಗ್ಯಾಸಿನ ಮಾತ್ರೆ, ಹಿಂಗೇ ಸುತ್ತಬ್ಯಾಡಿ. ಎರಡು ಶೀಟನ್ನೂ ಡಾಕ್ಟ್ರ ಮೇಜಿನ ಮೇಲಿಡಿ.

ಖಾರ ತಿಂದ್ರೆ, ಚಿಂತೆ ಮಾಡಿದ್ರೆ ಹುಣ್ಣಾಗುತ್ತೆ ಅಂತ ಡಾಕ್ಟ್ರುಗಳೂ ನಂಬಿದ್ದ ಕಾಲ ಇತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಕ್ರಿಮೀನ ತಾವೇ ಕುಡಿದು, ಹೊಟ್ಟೆ ಕೆಡಿಸ್ಕೊಂಡು ತೋರಿಸಿದ್ರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಪರೀಕ್ಷೇಲಿ ಈ ಕ್ರಿಮಿ ಕಂಡ್ರೆ ಸಾಮಾನ್ಯವಾಗಿ ಎರಡು ವಾರದ ಆಂಟಿಬಯೋಟಿಕ್ ಕೋರ್ಸ್ ಕೊಡ್ತಾರೆ. ಎರಡು ವಾರದಲ್ಲಿ ಹೋಗೋದನ್ನ ಇಪ್ಪತ್ತು ವರ್ಷ ಹೊಟ್ಟೇಲಿ ಸಾಕೋದ್ಯಾಕೆ?

ಮಲ ಡಾಂಬರಿನಂಗೆ ಕಪ್ಪಗಾದ್ರೆ, ವಾಂತೀಲಿ ರಕ್ತ ಬಂದ್ರೆ ಅವತ್ತೇ ಹೊಸಕೋಟೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ನುಂಗೋಕೆ ಕಷ್ಟ ಆದ್ರೆ, ತೂಕ ಇಳೀತಿದ್ರೆ ತಡ ಮಾಡದೆ ತೋರಿಸಿ. ದೊಡ್ಡ ಪರೀಕ್ಷೆ ಬೇಕಾದ್ರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಹೊಟ್ಟೆ, ಕರುಳಿನ ಕಾಯಿಲೆಗೆ ಅಂತಲೇ ಸರ್ಕಾರಿ ಸಂಸ್ಥೆ ಐತೆ. ಎದೆ ಹಿಂಡಿ, ಬೆವರು ಕಿತ್ಕೊಂಡು, ನೋವು ತೋಳಿಗೋ ದವಡೆಗೋ ಹರಿದ್ರೆ ಸೋಡಾ ಕುಡಿದು ತೇಗು ಬರಲಿ ಅಂತ ಕಾಯಬ್ಯಾಡಿ, 108ಕ್ಕೆ ಫೋನ್ ಮಾಡಿ. ಹೆಂಗಸರ ಹೃದಯಾಘಾತ ಎಷ್ಟೋ ಸಲ ವಾಕರಿಕೆ, ಸುಸ್ತು, ಹೊಟ್ಟೆ ಮೇಲ್ಗಡೆ ನೋವಾಗೇ ಬರೋದು. ಗ್ಯಾಸ್ ಅನ್ನೋ ಮಾತು ಅಂಥ ಹೊತ್ತಲ್ಲಿ ಜೀವವನ್ನೇ ತೆಗೆಯುತ್ತೆ.

ಇಷ್ಟಾದ ಮೇಲೂ ಬೇರಿರೋದು ನಮ್ಮ ಅಡುಗೆಮನೇಲೇ. ಬೆಳಿಗ್ಗೆ ಎಲ್ರಿಗೂ ಬಡಿಸೋಕೆ ಮುಂಚೆ ನಾವೂ ಎರಡು ತುತ್ತು ತಿನ್ನಬೇಕು. ರಾತ್ರಿ ಎಂಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು. ಗಂಡಸರು ಎರಡನೇ ಸಲದ ಸಾರು ತಾವೇ ಹಾಕ್ಕೊಂಡ್ರೆ ಕೈ ಸವೆಯಲ್ಲ. ಅತ್ತೆ ಏನಂತಾರೋ ಅನ್ನೋ ನೆಪ ಬ್ಯಾಡ, ಈಗ ನಮ್ಮಲ್ಲಿ ಅರ್ಧಕ್ಕರ್ಧ ಜನ ನಾವೇ ಅತ್ತೇರು. ಇವತ್ತು ರಾತ್ರಿ ಸೊಸೆಗೂ ನಿಮ್ಮ ಪಕ್ಕದಲ್ಲೇ ತಟ್ಟೆ ಹಾಕಿ.