ಹೆಡ್‌ಫೋನು ಕೊಳ್ಳುವ ಮುನ್ನ ಕಿವಿಗೊಂದು ಅವಕಾಶ

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. ಇಪ್ಪತ್ತು, ಮೂವತ್ತು ಸಾವಿರ ರೂಪಾಯಿ ಬೆಲೆಯ ಹೆಡ್‌ಫೋನುಗಳ ಪೈಕಿ ಯಾವುದು ಉತ್ತಮ ಎಂಬುದೇ ಆ ಪ್ರಶ್ನೆ. "ಯಾವುದನ್ನು ಕೇಳಿ ನೋಡಿದೆ?" ಎಂದು ನಾನು ಮರಳಿ ಕೇಳುತ್ತೇನೆ. ಉತ್ತರ ಬಹುತೇಕ ಒಂದೇ: "ಕೇಳಿಲ್ಲ ಸರ್, ಓದಿದ್ದೇನೆ."

ಶಬ್ದವನ್ನು ಓದುವುದೆಂದರೇನು! ಸಿರುಗುಪ್ಪದ ವ್ಯಾಪಾರಿ ಚೀಲದಿಂದ ಹಿಡಿ ಭತ್ತ ತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ನೋಡದೆ ದರ ಹೇಳುವುದಿಲ್ಲ. ಕುರುಗೋಡಿನ ರೈತ ಎತ್ತಿನ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿದ ಮೇಲಷ್ಟೇ ಹಗ್ಗ ಹಿಡಿಯುತ್ತಾನೆ. ಅಂಥವರ ಮಕ್ಕಳು ಒಂದು ತಿಂಗಳ ಸಂಬಳವನ್ನು ಅಪರಿಚಿತನೊಬ್ಬನ ವಿಶೇಷಣಗಳಿಗೆ ಒಪ್ಪಿಸುತ್ತಿದ್ದಾರೆ.

ಆ ವಿಶೇಷಣಗಳು ಪೂರ್ಣ ಸುಳ್ಳೆಂದು ನಾನು ಹೇಳಲಾರೆ. ಸೆನ್‌ಹೈಸರ್ ಎಚ್‌ಡಿ 650 "ಬೆಚ್ಚಗಿನ" ದನಿಯದು, ಬೇಯರ್‌ಡೈನಾಮಿಕ್ ಡಿಟಿ 990 "ಹೊಳಪಿನ" ದನಿಯದು ಎನ್ನುತ್ತಾರೆ. ಇದಕ್ಕೆ ಆಧಾರವುಂಟು. ಎರಡನೆಯದು 8,000 ಹರ್ಟ್ಸ್ ಆಸುಪಾಸಿನ ಆವೃತ್ತಿಗಳನ್ನು ಹೆಚ್ಚಾಗಿ ಎತ್ತಿ ಕೊಡುತ್ತದೆ. ಆದ್ದರಿಂದ ಗಾಯಕರ ಸಕಾರ, ಶಕಾರಗಳು ಚುರುಕಾಗುತ್ತವೆ. ಆದರೆ ಆ ಚುರುಕು ನಿಮ್ಮ ಕಿವಿಗೆ ಸೊಗಸೋ ಸೂಜಿಯೋ ಎಂಬುದನ್ನು ಯಾವ ವಿಮರ್ಶಕ ಹೇಳಬಲ್ಲ? ಶಬ್ದದ ಪಾಠದಲ್ಲಿ ಸ್ಥಾಯಿ, ಗಟ್ಟಿತನ, ಗುಣ ಎಂದು ಮೂರು ಲಕ್ಷಣಗಳನ್ನು ನಿಮಗೆ ಬಾಯಿಪಾಠ ಮಾಡಿಸಿದ್ದೆನಲ್ಲ, ಈ ಮೂರನೆಯದು ಕೇಳಿದವನಿಗಷ್ಟೇ ತಿಳಿಯುವಂಥದು.

ಬೆಲೆಯೇ ಪ್ರಮಾಣ ಎನ್ನುವವರಿಗೆ ಒಂದು ಮಾತು. 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಆವೃತ್ತಿ ಪ್ರತಿಕ್ರಿಯೆಗೂ ಮಾರಾಟದ ಬೆಲೆಗೂ ಸಂಬಂಧವೇ ಕಾಣುವುದಿಲ್ಲ ಎಂದು ಬರೆದರು. ಗಟ್ಟಿಮುಟ್ಟುತನ, ಮೆತ್ತೆಯ ಹಿತ, ಹೆಸರು ಇವಕ್ಕೂ ನಾವು ದುಡ್ಡು ಕೊಡುತ್ತೇವೆ. ಕೊಡೋಣ, ಆದರೆ ಅದನ್ನು ದನಿಯ ಬೆಲೆ ಎಂದು ಭ್ರಮಿಸಬಾರದು.

ಇನ್ನು, ಆ ವಿಮರ್ಶಕರು ಪರೀಕ್ಷಿಸುವುದು ಯಾರ ಸಂಗೀತದಿಂದ? ಗಿಟಾರು, ಡ್ರಮ್ಮು, ಪಿಯಾನೋ. ನೀವು ಕೇಳುವುದು ತಂಬೂರಿಯ ಮೇಲೆ ನಿಂತ ಗಾಯನ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಸೇರಿಸುವ ನೂಲಿನೆಳೆಗೆ ಜೀವಾಳ ಎನ್ನುತ್ತಾರೆ. ಅದು ಸರಿಯಾಗಿ ಕೂತಾಗ ಒಂದೇ ತಂತಿಯಿಂದ ಮೇಲಿನ ಸ್ವರಗಳು ಗುಂಯ್‌ಗುಡುತ್ತಾ ಬಿಚ್ಚಿಕೊಳ್ಳುತ್ತವೆ. ಮೇಲಿನ ಆವೃತ್ತಿಗಳನ್ನು ಅದುಮಿದ ಹೆಡ್‌ಫೋನಿನಲ್ಲಿ ತಂಬೂರಿಯಿದ್ದೂ ಜೀವಾಳವಿರುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಭಾರವಾದ ದನಿಯನ್ನು ಹಾಕಿ ನೋಡಿ. ತಗ್ಗಿನ ಸ್ವರಗಳನ್ನು ವಿಪರೀತ ಉಬ್ಬಿಸುವ ಹೆಡ್‌ಫೋನು ಅದನ್ನು ಮಡಕೆಯೊಳಗಿನ ಮಾತಾಗಿಸುತ್ತದೆ. ನಮ್ಮೂರಿನ ರಂಗಭೂಮಿಯಲ್ಲಿ ಹಾಡಿ ಬೆಳೆದ, 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರರನ್ನು ಎದುರಿಗೆ ಕೂತು ಕೇಳಿದವರು ನಿಮ್ಮಲ್ಲಿ ಹಲವರಿದ್ದೀರಿ. ಅವರ ರಂಗಗೀತೆಯ ಧ್ವನಿಮುದ್ರಣವಿದ್ದರೆ ಬೇರೆ ಅಳತೆಗೋಲೇಕೆ? ಮೂಲ ದನಿ ನಿಮ್ಮ ನೆನಪಿನಲ್ಲೇ ಇದೆ.

ಹೋಲಿಸುವಾಗ ಒಂದು ಮೋಸಕ್ಕೆ ಬೀಳಬೇಡಿ. ಎರಡರಲ್ಲಿ ತುಸು ಜೋರಾಗಿ ನುಡಿಯುವುದೇ ಚೆನ್ನೆನಿಸುತ್ತದೆ. ದನಿ ಸಣ್ಣದಾದಂತೆ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಮೊದಲು ಕಳೆದುಕೊಳ್ಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಮೊದಲು ಎರಡರ ಗಟ್ಟಿತನವನ್ನು ಸಮ ಮಾಡಿಕೊಳ್ಳಿ, ಆಮೇಲೆ ಗುಣದ ಮಾತು. ಎಚ್‌ಡಿ 650ರಂಥ 300 ಓಮ್ ರೋಧವುಳ್ಳದ್ದು ಸಾಧಾರಣ ಮೊಬೈಲಿನಲ್ಲಿ ಸೊರಗಿ ನುಡಿದೀತು. ಮನೆಯಲ್ಲಿ ಯಾವುದಕ್ಕೆ ಜೋಡಿಸುತ್ತೀರೋ ಅದರಲ್ಲಿಯೇ ಕೇಳಬೇಕು. ಕನ್ನಡಕ ಧರಿಸುವವರು ಧರಿಸಿಯೇ ಕೇಳಬೇಕು, ಏಕೆಂದರೆ ಅದರ ಕಡ್ಡಿ ಮೆತ್ತೆಯನ್ನು ಎತ್ತಿದರೆ ಮುಚ್ಚಿದ ಮಾದರಿಯ ತಗ್ಗಿನ ಸ್ವರ ಸೋರಿಹೋಗುತ್ತದೆ. ಬೆನ್ನು ತೆರೆದ ಮಾದರಿಯನ್ನು ಎಲ್ಲರೂ ಹೊಗಳುತ್ತಾರೆ, ನಿಜ. ಆದರೆ ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕೂರುವ ಮಹಾನುಭಾವ ಯಾರು? ಆ ಫ್ಯಾನಿನ ಸದ್ದು ನೇರವಾಗಿ ಒಳಗೆ ಬರುತ್ತದೆ!

ಅಂಗಡಿಯವರ ಮೇಲೂ ನನಗೆ ತಕರಾರಿದೆ. ಬೆಂಗಳೂರು ರಸ್ತೆಯ ಒಂದು ಮಳಿಗೆಯಲ್ಲಿ, "ಡಬ್ಬಿ ಒಡೆದರೆ ಕೊಳ್ಳಲೇಬೇಕು" ಎಂದರು. ಐನೂರು ರೂಪಾಯಿಯ ಚಪ್ಪಲಿಯನ್ನು ಮೆಟ್ಟಿ ನೋಡಲು ಬಿಡುವ ಊರಿನಲ್ಲಿ ಮೂವತ್ತು ಸಾವಿರದ ವಸ್ತುವಿಗೆ ಈ ಗೌರವವಿಲ್ಲ. ಒಂದು ಮಾದರಿಯನ್ನು ಬಿಚ್ಚಿಟ್ಟರೆ ಅವರ ಗಂಟೇನೂ ಹೋಗದು. ಬಿಚ್ಚದಿದ್ದರೆ ನೀವು ಎದ್ದು ಬನ್ನಿ. ಅಂತರ್ಜಾಲದಲ್ಲಿ ತರಿಸುವುದಾದರೆ, ಕೇಳಿದ ಮೇಲೆ ಹಿಂದಿರುಗಿಸಬಹುದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

"ಈ ವಯಸ್ಸಿನಲ್ಲಿ ನಿಮ್ಮ ಕಿವಿಗೇನು ತಿಳಿದೀತು ಸರ್?" ಎಂದು ಒಬ್ಬ ಶಿಷ್ಯ ಕೀಟಲೆ ಮಾಡಿದ. ವಯಸ್ಸಾದಂತೆ ಮೇಲಿನ ಆವೃತ್ತಿಗಳು ಮೊದಲು ಕೈಬಿಡುತ್ತವೆ, ಒಪ್ಪಿದೆ. ನನ್ನ ವಾದವೂ ಅದೇ ಅಲ್ಲವೇ? ನಿನ್ನ ಕಿವಿಗೆ ಹಿಡಿಸಿದ್ದನ್ನು ನಿಮ್ಮ ತಂದೆಗೆ ಉಡುಗೊರೆಯಾಗಿ ಕಳುಹಿಸಬೇಡಪ್ಪ. ಯುಗಾದಿಗೆ ಊರಿಗೆ ಬಂದಾಗ ನಿನ್ನದನ್ನು ಜೊತೆಗೆ ತಾ, ಅವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಾ. ಫ್ಯಾನು ಹಾಕಿಯೇ ಕೇಳೋಣ.