ಇನ್ನೂ 24 ನಿಮಿಷ ಇತ್ತಲ್ಲ, ಕೋಚ್ ಸರ್!

ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ತಂಡಕ್ಕೆ 4 ಕೋಟಿ ರೂಪಾಯಿ ದಂಡ. ಅದರ ಆಗಿನ ಕೋಚ್ ಇವಾನ್ ವುಕೊಮಾನೊವಿಚ್ ಅವರಿಗೆ 10 ಪಂದ್ಯಗಳ ನಿಷೇಧ, ಮೇಲೆ 5 ಲಕ್ಷ ರೂಪಾಯಿ ದಂಡ. ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳಬೇಕಿತ್ತು. ಕೇಳದಿದ್ದರೆ ದಂಡ 6 ಕೋಟಿಗೆ, 10 ಲಕ್ಷಕ್ಕೆ ಏರುತ್ತಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ 2023ರ ಮಾರ್ಚ್ 31ರಂದು ಕೊಟ್ಟ ಈ ತೀರ್ಪು ಚುನಾವಣೆಯ ಗದ್ದಲದಲ್ಲಿ ನಮ್ಮ ಜಿಲ್ಲೆಯ ಹೆಚ್ಚು ಜನರ ಕಣ್ಣಿಗೆ ಬಿದ್ದಂತಿರಲಿಲ್ಲ. ಆಗ ಮುಖ್ಯಮಂತ್ರಿಗಳ ಕ್ಷೇತ್ರವಾಗಿದ್ದ ಶಿಗ್ಗಾವಿಯಲ್ಲಿ ಯಾರನ್ನು ಮಾತನಾಡಿಸಿದರೂ ಟಿಕೆಟ್‌ನದೇ ಮಾತಾಗಿತ್ತು. ಅದು ಮ್ಯಾಚಿನ ಟಿಕೆಟ್ ಅಲ್ಲ.

ಆದರೆ ಈ ಪ್ರಕರಣ ಶುರುವಾಗಿದ್ದು ನಮ್ಮದೇ ಬೆಂಗಳೂರಿನಲ್ಲಿ. ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಪ್ಲೇ ಆಫ್ ಪಂದ್ಯ. ಲೀಗ್‌ನಲ್ಲಿ ನಾಲ್ಕನೇ ಸ್ಥಾನದ ಬೆಂಗಳೂರು ಎಫ್‌ಸಿ ಎದುರು ಐದನೇ ಸ್ಥಾನದ ಕೇರಳ. ಒಂದೇ ಪಂದ್ಯ, ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್‌ಗೆ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ 30 ನಿಮಿಷದ ಆಟ ಶುರುವಾಯಿತು. 96ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದರು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತಮ್ಮ ಜಾಗದಲ್ಲಿರಲಿಲ್ಲ. ಸುನಿಲ್ ಛೆಟ್ರಿ ಸೀಟಿಗಾಗಿ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

ಗಲಾಟೆ, ವಾದ, ತಳ್ಳಾಟ. ಅಷ್ಟರಲ್ಲಿ ಗೆರೆಯ ಬಳಿ ನಿಂತಿದ್ದ ವುಕೊಮಾನೊವಿಚ್ ಕೈ ಬೀಸಿ ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದರು. ಅವರು ಬಂದರು, ಡ್ರೆಸ್ಸಿಂಗ್ ರೂಮಿಗೆ ಹೋದರು, ಮತ್ತೆ ಬರಲಿಲ್ಲ. ಬೆಂಗಳೂರಿನವರು ಮೈದಾನದಲ್ಲೇ ಕಾದರು. ಕೊನೆಗೆ ಬೆಂಗಳೂರು 1–0ಯಿಂದ ಗೆದ್ದಿತೆಂದು ಘೋಷಿಸಲಾಯಿತು.

ಆ ಗೋಲು ಸರಿಯೋ ತಪ್ಪೋ ಎಂಬ ಚರ್ಚೆ ಆಗ ಒಂದು ತಿಂಗಳು ನಡೆದಿತ್ತು. ಫುಟ್‌ಬಾಲ್ ನಿಯಮದ ಪ್ರಕಾರ ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಆದರೆ ಹೊಡೆಯುವವನಿಗೆ ಅಷ್ಟು ದೂರ ಬೇಡವಾಗಿದ್ದರೆ ಅವನು ತಕ್ಷಣ ಹೊಡೆಯಬಹುದು. ನಿಯಮ ಬಳಸುವುದು 'ಕ್ವಿಕ್ ಫ್ರೀ ಕಿಕ್' ಎಂಬ ಪದವನ್ನೇ. ಅಂದರೆ ಅದು ಕಳ್ಳದಾರಿಯಲ್ಲ. ಆದರೆ ರೆಫರಿ ತಾವೇ ಮುಂದೆ ನಿಂತು ಗೋಡೆಯನ್ನು ಹಿಂದೆ ಸರಿಸಲು ಶುರು ಮಾಡಿದರೆ, ಸೀಟಿ ಊದುವವರೆಗೆ ಎಲ್ಲರೂ ಕಾಯಬೇಕು. ಕೇರಳದ ವಾದ ನಿಂತಿದ್ದು ಈ ಎರಡನೆಯದರ ಮೇಲೆ. ಛೆಟ್ರಿ ಪಂದ್ಯದ ನಂತರ ಹೇಳಿದ್ದು ಬೇರೆ: ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದೆ, ಅದನ್ನು ಕೇರಳದ ಆಟಗಾರ ಆಡ್ರಿಯನ್ ಲೂನಾ ಕೇಳಿಸಿಕೊಂಡಿದ್ದರು, ಅದಕ್ಕೇ ಮೊದಲ ಪ್ರಯತ್ನಕ್ಕೆ ಅಡ್ಡ ನಿಂತರು ಎಂದು. ಆಗ ಐಎಸ್‌ಎಲ್‌ನಲ್ಲಿ ವಿಡಿಯೊ ನೋಡಿ ನಿರ್ಧರಿಸುವ ವಿಎಆರ್ ವ್ಯವಸ್ಥೆ ಇರಲಿಲ್ಲ. ಹಾಗಾಗಿ ರೆಫರಿಯ ಮಾತೇ ಕೊನೆ.

ನಾನು ಬೆಂಗಳೂರು ಎಫ್‌ಸಿ ಅಭಿಮಾನಿ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಂದು ಕ್ಷಣ ಕೇರಳದ ವಾದವೇ ಪೂರ್ತಿ ಸರಿ, ರೆಫರಿ ಮಾಡಿದ್ದು ತಪ್ಪು ಎಂದೇ ಇಟ್ಟುಕೊಳ್ಳೋಣ. ಆಗಲೂ ಕೋಚ್ ತೆಗೆದುಕೊಂಡ ನಿರ್ಧಾರ ಸರಿಯಾಗುತ್ತದೆಯೇ? ನನ್ನ ತಕರಾರು ಇರುವುದು ಇಲ್ಲಿ.

ಪ್ರಾಬಬಿಲಿಟಿ ಪೇಪರ್ ಬರೆದವರಿಗೆ ಇದು ಬಹಳ ಸಣ್ಣ ಲೆಕ್ಕ. ಗೋಲಾದದ್ದು 96ನೇ ನಿಮಿಷದಲ್ಲಿ, ಆಟ ಇದ್ದದ್ದು 120 ನಿಮಿಷದವರೆಗೆ. ಉಳಿದದ್ದು 24 ನಿಮಿಷ, ನಡುವೆ ವ್ಯರ್ಥವಾದ ಸಮಯ ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಬೇಕಾಗಿದ್ದದ್ದು ಒಂದು ಗೋಲು. ಆ ಒಂದು ಗೋಲು ಬರುವ ಸಾಧ್ಯತೆ ಎಷ್ಟೇ ಕಡಿಮೆ ಇರಲಿ, ಅದು ಸೊನ್ನೆಯಲ್ಲ. ಮೈದಾನ ಬಿಟ್ಟು ಹೋದರೆ ಮಾತ್ರ ಅದು ಖಚಿತವಾಗಿ ಸೊನ್ನೆ. ಆಟ ಮುಗಿಸಿ ದೂರು ಕೊಟ್ಟಿದ್ದರೆ ಎರಡು ಬಾಗಿಲು ತೆರೆದಿರುತ್ತಿದ್ದವು. ಎದ್ದು ಹೋಗಿ ಒಂದನ್ನು ತಾವೇ ಮುಚ್ಚಿಕೊಂಡರು. ಎರಡನೆಯದಕ್ಕೆ ಹೋಗಿ ಪಂದ್ಯವನ್ನು ಮತ್ತೆ ಆಡಿಸಿ ಎಂದು ಕೇಳಿದಾಗ, ಎದ್ದು ಹೋದವರ ಮಾತಿಗೆ ತೂಕವಿರಲಿಲ್ಲ. ಸಮಿತಿ ಅದನ್ನು ತಳ್ಳಿಹಾಕಿತು.

ಅವರ ಸಿಟ್ಟು ಅರ್ಥವಾಗುವುದಿಲ್ಲ ಎಂದಲ್ಲ. ಕೇರಳ ಬ್ಲಾಸ್ಟರ್ಸ್ 2014, 2016 ಮತ್ತು 2022ರಲ್ಲಿ ಮೂರು ಸಲ ಫೈನಲ್ ಆಡಿ ಮೂರೂ ಸಲ ಸೋತ ತಂಡ. 2022ರ ಸೋಲಂತೂ ಹೈದರಾಬಾದ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ. ಆ ಫೈನಲ್‌ವರೆಗೆ ತಂಡವನ್ನು ಒಯ್ದದ್ದು ಇದೇ ವುಕೊಮಾನೊವಿಚ್, ಅದೂ ತಮ್ಮ ಮೊದಲ ಸೀಸನ್ನಿನಲ್ಲಿ. ಅಲ್ಲಿನ ಅಭಿಮಾನಿಗಳು ಅವರನ್ನು 'ಆಶಾನ್' ಎಂದು ಕರೆಯುತ್ತಾರೆ, ಗುರು ಎಂಬ ಅರ್ಥದಲ್ಲಿ. ಆಟಗಾರರಿಗೆ ಅನ್ಯಾಯವಾದಾಗ ಗುರು ಅವರ ಪರ ನಿಲ್ಲಬೇಡವೇ? ಕಾಸರಗೋಡಿನ ನನ್ನ ಹಾಸ್ಟೆಲ್ ಗೆಳೆಯನೊಬ್ಬ ಇದನ್ನೇ ಕೇಳುತ್ತಾನೆ. "ಅವರು ಎದ್ದು ಹೋಗದಿದ್ದರೆ ರೆಫರಿಗಳ ಬಗ್ಗೆ ಇಷ್ಟು ಚರ್ಚೆ ಆಗುತ್ತಿತ್ತೇನೋ? ವಿಧಾನಸಭೆಯಲ್ಲಿ ನಿಮ್ಮವರು ಸಭಾತ್ಯಾಗ ಮಾಡೋದಿಲ್ವ?"

ಮಾಡುತ್ತಾರೆ ನಿಜ. ಆದರೆ ಸಭಾತ್ಯಾಗ ಮಾಡಿದ ಶಾಸಕರು ಮರುದಿನ ಅದೇ ಕುರ್ಚಿಗೆ ಬರುತ್ತಾರೆ. ನಾಕೌಟ್ ಪಂದ್ಯಕ್ಕೆ ಮರುದಿನ ಇಲ್ಲ.

ಗೆಳೆಯನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡೇ ವಾರದಲ್ಲಿ, ಅದೂ ನಮ್ಮ ತಂಡದ ಸೋಲಿನಿಂದ. ಮಾರ್ಚ್ 18ರಂದು ಗೋವಾದ ಫತೋರ್ಡದಲ್ಲಿ ಫೈನಲ್. ರಾಯ್ ಕೃಷ್ಣ 78ನೇ ನಿಮಿಷದಲ್ಲಿ ಗೋಲು ಹೊಡೆದಾಗ ಬೆಂಗಳೂರು 2–1ರಿಂದ ಮುಂದಿತ್ತು. 85ನೇ ನಿಮಿಷದಲ್ಲಿ ರೆಫರಿ ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಕೊಟ್ಟರು. ಫೌಲ್ ಆದದ್ದು ಬಾಕ್ಸ್‌ನ ಹೊರಗೆ ಎಂದೇ ನಮ್ಮ ಕಡೆಯವರ ವಾದ. ಪೆಟ್ರಾಟೋಸ್ ಸಮ ಮಾಡಿದರು, ಶೂಟೌಟ್‌ನಲ್ಲಿ ನಾವು 3–4ರಿಂದ ಸೋತೆವು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಅದು ಬಿಡಿ. ಹೇಳಬೇಕಾದದ್ದೆಂದರೆ, ಕೋಚ್ ಸೈಮನ್ ಗ್ರೇಸನ್ ಯಾರನ್ನೂ ಹೊರಗೆ ಕರೆಯಲಿಲ್ಲ. ಕೊನೆಯ ಪೆನಾಲ್ಟಿವರೆಗೂ ಆಡಿದರು. ಆಮೇಲೆ ಕ್ಲಬ್‌ನ ಮಾಲೀಕ ಪಾರ್ಥ್ ಜಿಂದಾಲ್ ಲೀಗ್‌ಗೆ ವಿಎಆರ್ ಬೇಕೇ ಬೇಕು ಎಂದು ಬಹಿರಂಗವಾಗಿ ಟ್ವೀಟ್ ಮಾಡಿದರು. ಚರ್ಚೆ ಆಯಿತಲ್ಲ. ದಂಡವಿಲ್ಲದೆ, ನಿಷೇಧವಿಲ್ಲದೆ. ಕಪ್ ಬರಲಿಲ್ಲ, ಅದೂ ನಿಜ.

ಭಾರತದಲ್ಲಿ ಇಂಥದ್ದು ಹಿಂದೆಯೂ ಆಗಿತ್ತು. 2012ರ ಡಿಸೆಂಬರ್ 9ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಎದುರಿನ ಪಂದ್ಯದಲ್ಲಿ ಮೋಹನ್ ಬಾಗನ್ ದ್ವಿತೀಯಾರ್ಧಕ್ಕೆ ಮೈದಾನಕ್ಕೇ ಇಳಿಯಲಿಲ್ಲ. ಅವರ ಒಡಾಫಾಗೆ ರೆಡ್ ಕಾರ್ಡ್ ಸಿಕ್ಕಿತ್ತು, ಗ್ಯಾಲರಿಯಿಂದ ಬಂದ ಕಲ್ಲು ರಹೀಂ ನಬಿಗೆ ಬಡಿದಿತ್ತು. ಆಟಗಾರನ ಮುಖಕ್ಕೆ ಕಲ್ಲು ಬಿದ್ದಾಗ ತಂಡ ಹಿಂದೆ ಸರಿಯುವುದನ್ನು ನಾನು ಒಪ್ಪುತ್ತೇನೆ. ಜೀವದ ಮುಂದೆ ಪಾಯಿಂಟ್ ದೊಡ್ಡದಲ್ಲ. ಕಂಠೀರವದಲ್ಲಿ ಆ ರಾತ್ರಿ ಯಾರ ಜೀವಕ್ಕೂ ಅಪಾಯ ಇರಲಿಲ್ಲ.

ನನಗೆ ಹೆಚ್ಚು ಹತ್ತಿರ ಎನಿಸುವ ಉದಾಹರಣೆ ಕ್ರಿಕೆಟ್‌ನದು. 1981ರ ಫೆಬ್ರುವರಿ, ಮೆಲ್ಬರ್ನ್ ಟೆಸ್ಟ್. ನಮ್ಮ ಜಿ.ಆರ್. ವಿಶ್ವನಾಥ್ ಮೊದಲ ಇನಿಂಗ್ಸ್‌ನಲ್ಲಿ 114 ಹೊಡೆದ ಪಂದ್ಯ. ಎರಡನೇ ಇನಿಂಗ್ಸ್‌ನಲ್ಲಿ 70 ರನ್ ಗಳಿಸಿದ್ದ ನಾಯಕ ಸುನಿಲ್ ಗಾವಸ್ಕರ್ ಅವರಿಗೆ ಲಿಲ್ಲಿ ಎಸೆತದಲ್ಲಿ ಎಲ್‌ಬಿಡಬ್ಲ್ಯು ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿತ್ತು ಎಂಬ ಸಿಟ್ಟಿಗೆ ಗಾವಸ್ಕರ್ ಜೊತೆಗಾರ ಚೇತನ್ ಚೌಹಾಣ್ ಅವರನ್ನೂ ಹೊರಗೆ ಕರೆದುಕೊಂಡು ಹೊರಟರು. ಬೌಂಡರಿ ಬಳಿ ತಂಡದ ಮ್ಯಾನೇಜರ್ ವಿಂಗ್ ಕಮಾಂಡರ್ ದುರಾನಿ ಎದುರಾಗಿ ಚೌಹಾಣ್ ಅವರನ್ನು ಒಳಗೆ ವಾಪಸ್ ಕಳಿಸಿದರು. ಪಂದ್ಯ ಮುಂದುವರಿಯಿತು. ಆಸ್ಟ್ರೇಲಿಯಾಕ್ಕೆ ಸಿಕ್ಕ ಗುರಿ 143. ಕೊನೆಯ ದಿನ ಗಾಯಾಳು ಕಪಿಲ್ ದೇವ್ ನೋವು ನುಂಗಿ ಬೌಲಿಂಗ್ ಮಾಡಿ 28 ರನ್‌ಗೆ 5 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ 83ಕ್ಕೆ ಆಲೌಟ್, ಭಾರತಕ್ಕೆ 59 ರನ್ ಗೆಲುವು.

ಗಾವಸ್ಕರ್‌ಗೂ ಸಿಟ್ಟು ಬಂದಿತ್ತು, ವುಕೊಮಾನೊವಿಚ್‌ಗೂ ಬಂದಿತ್ತು. ಮೆಲ್ಬರ್ನ್‌ನಲ್ಲಿ ಗೆರೆಯ ಬಳಿ ತಡೆಯುವವರೊಬ್ಬರಿದ್ದರು. ಬೆಂಗಳೂರಿನಲ್ಲಿ ತಡೆಯಬೇಕಾದ ವ್ಯಕ್ತಿಯೇ ಕೈ ಬೀಸಿ ಕರೆದರು. ಕೋಚ್ ಎಂಬ ಕೆಲಸ ಇರುವುದೇ ಆ ಅರ್ಧ ನಿಮಿಷಕ್ಕೆ ಎನ್ನಬಹುದೇನೋ. ಆಟಗಾರನ ಮೈಯಲ್ಲಿ ರಕ್ತ ಕುದಿಯುತ್ತಿರುತ್ತದೆ, ಅವನಿಗೆ ಲೆಕ್ಕ ಹೊಳೆಯುವುದಿಲ್ಲ. ಗೆರೆಯ ಹೊರಗೆ ನಿಂತವರಿಗೆ ಹೊಳೆಯಬೇಕು.

ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಡೆಯುವ ಕಬಡ್ಡಿ ಟೂರ್ನಮೆಂಟ್ ನೋಡಿದವರಿಗೆ ಇದು ಹೊಸದಲ್ಲ. ಅಂಪೈರ್ ಆ ಊರಿನವರೇ ಆಗಿರುತ್ತಾರೆ, ಗೆರೆ ಮುಟ್ಟಿದ್ದು ಕೆಲವೊಮ್ಮೆ ಅವರಿಗೆ ಕಾಣುವುದಿಲ್ಲ. ಆಗ ಹಿರಿಯನೊಬ್ಬ ಒಳಗೆ ನುಗ್ಗಿ "ಏಳ್ರಲೇ, ನಡೀರಿ ಊರಿಗೆ" ಎಂದು ಇಡೀ ಟೀಮನ್ನು ಎಬ್ಬಿಸುತ್ತಾನೆ. ಎಂಟ್ರಿ ಫೀ ಹೋಯಿತು, ಬಹುಮಾನ ಆ ಊರಿನವರಿಗೇ ಹೋಯಿತು. ಟೆಂಪೊದಲ್ಲಿ ವಾಪಸ್ ಬರುವಾಗ ಎಲ್ಲರೂ ಅಂಪೈರನ್ನು ಬೈಯುತ್ತಾರೆ. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತು ಒಂದು ರೇಡ್‌ಗಾಗಿ ಕಾದಿದ್ದ ಹುಡುಗನನ್ನು ಯಾರೂ ಕೇಳುವುದಿಲ್ಲ. ಎದ್ದು ಹೋಗುವ ತೀರ್ಮಾನದಲ್ಲಿ ಅವನ ಪಾಲು ಏನೂ ಇರಲಿಲ್ಲ, ನಷ್ಟದಲ್ಲಿ ಮಾತ್ರ ಇತ್ತು. ಕಂಠೀರವದಲ್ಲಿ ಕೇರಳದ ಬೆಂಚಿನ ಮೇಲೂ ಅಂಥವರು ಇದ್ದರಲ್ಲವೇ? ಕೊಚ್ಚಿಯಿಂದ ಬಸ್ಸು, ರೈಲು ಹಿಡಿದು ಬಂದಿದ್ದ ಹಳದಿ ಅಂಗಿಯ ಅಭಿಮಾನಿಗಳಂತೂ ದುಡ್ಡು ಕೊಟ್ಟು ನೋಡಲು ಬಂದದ್ದು 120 ನಿಮಿಷದ ಆಟವನ್ನು.

ತೀರ್ಪು ಬಂದ ಎರಡು ದಿನಕ್ಕೆ ಕ್ಲಬ್ ಮತ್ತು ಕೋಚ್ ಇಬ್ಬರೂ ಕ್ಷಮೆ ಕೇಳಿದ್ದಾರೆ. ಮೈದಾನ ಬಿಟ್ಟದ್ದು ಆ ಕ್ಷಣದ ದುಡುಕು ಎಂದು ಕ್ಲಬ್ ಒಪ್ಪಿಕೊಂಡಿದೆ. ದಂಡ ಹೆಚ್ಚಾಯಿತೇ? ನನಗೆ ಹೆಚ್ಚೆನಿಸುತ್ತದೆ. ಆಟಗಾರರ ಸಂಬಳ ಕೊಡಬೇಕಾದ ಕ್ಲಬ್‌ಗೆ 4 ಕೋಟಿ ಸಣ್ಣ ಮೊತ್ತವಲ್ಲ. ತಪ್ಪು ನಿರ್ಧಾರ ಕೋಚ್‌ದಾದರೆ ನಿಷೇಧ ಸಾಕಿತ್ತು. ರೆಫರಿಗಳ ತರಬೇತಿಗೆ, ವಿಎಆರ್‌ಗೆ ಫೆಡರೇಷನ್ ಎಷ್ಟು ಖರ್ಚು ಮಾಡುತ್ತದೆ ಎಂಬ ಪ್ರಶ್ನೆಯನ್ನೂ ಇದೇ ಉಸಿರಿನಲ್ಲಿ ಕೇಳಬೇಕು.

ಆಮೇಲೆ ಸೂಪರ್ ಕಪ್ ಬಂತು, ಅದೂ ಕೇರಳದಲ್ಲೇ. ಬ್ಲಾಸ್ಟರ್ಸ್ ತವರಿನ ಜನರ ಮುಂದೆ ಆಡಿತು, ಕೋಚ್ ಬೆಂಚಿನಲ್ಲಿ ಇರಲಿಲ್ಲ. ಫೈನಲ್ ತಲುಪಿದ್ದರೂ ಅವರಿಗೆ ಸಿಗುತ್ತಿದ್ದದ್ದು ಒಟ್ಟು ಐದು ಪಂದ್ಯ, ಹಾಗಾಗಿ ನಿಷೇಧದ ಅರ್ಧದಷ್ಟಾದರೂ ಮುಂದಿನ ಸೀಸನ್ನಿಗೆ ದಾಟುವುದಿತ್ತು. ಬೆಂಗಳೂರು ಎಫ್‌ಸಿಯೂ ಅದೇ ಗುಂಪಿನಲ್ಲಿತ್ತು. ಏಪ್ರಿಲ್ 16ರಂದು ಕೋಳಿಕ್ಕೋಡ್‌ನಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು.